ಪ್ರಕೃತಿ ಶಿಬಿರಕ್ಕೆ ಮಕ್ಕಳನ್ನು ಪ್ರಾಯೋಜಿಸುವುದು ಹೇಗೆ?

ಬಂಡೀಪುರದ ಅಂಚಿನಲ್ಲಿರುವ ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಗಳ ಮಕ್ಕಳು ಆನೆಯನ್ನು ಕಾಣದವರೇನಲ್ಲ. ರಾತ್ರಿ ಹೊಲಕ್ಕೆ ನುಗ್ಗಿದ ಆನೆಯನ್ನು ಅಪ್ಪಂದಿರು ಪಟಾಕಿ ಸಿಡಿಸಿ ಓಡಿಸುವಾಗ ಕಂಡಿರುತ್ತಾರೆ. ಅದೇ ಆನೆ ಹಗಲಿನಲ್ಲಿ ಕೆರೆಯ ದಂಡೆಯ ಮೇಲೆ ಮರಿಯೊಡನೆ ಮಣ್ಣೆರಚಿಕೊಳ್ಳುವುದನ್ನು ನಿಶ್ಚಿಂತೆಯಿಂದ ನೋಡುವ ಅವಕಾಶ ಮಾತ್ರ ಹೆಚ್ಚಾಗಿ ಸಫಾರಿಗೆ ಹಣ ಕೊಡಬಲ್ಲ ಪೇಟೆಯ ಮಕ್ಕಳ ಪಾಲಾಗಿದೆ. ಬೇಸಿಗೆ ಶಿಬಿರಕ್ಕೆ ಒಬ್ಬಿಬ್ಬರು ಮಕ್ಕಳ ಖರ್ಚು ವಹಿಸಿಕೊಳ್ಳುವ ಮನಸ್ಸುಳ್ಳವರು ಮೊದಲು ಈ ಕಾಡಂಚಿನ ಮಕ್ಕಳನ್ನು ನೆನೆಯಬೇಕೆಂದು ಕೋರುತ್ತೇನೆ.

ಶಾಲೆಗಳಿಗೆ ಏಪ್ರಿಲ್‌ನಲ್ಲಿ ರಜೆ ಬರುವುದರಿಂದ ಜನವರಿಯಲ್ಲೇ ಕೆಲಸ ಆರಂಭಿಸಿ. ಶಿಬಿರದವರನ್ನು ಕಾಣುವುದಕ್ಕಿಂತ ಮೊದಲು ಸರ್ಕಾರಿ ಶಾಲೆಯೊಂದರ ಮುಖ್ಯ ಶಿಕ್ಷಕರನ್ನು ಕಾಣುವುದು ಒಳ್ಳೆಯದು. ಸರ್ಕಾರಿ ಶಾಲೆಗಳ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ ಆ ಶಾಲೆಗೆ ಈಗಾಗಲೇ ದೊರೆತಿದೆಯೇ ಎಂದು ಅಲ್ಲೇ ಕೇಳಿ. ದೊರೆತಿದ್ದರೆ ನಿಮ್ಮ ಹಣ ಬೇರೊಂದು ಶಾಲೆಗೆ ಹೋಗಲಿ.

ಮಕ್ಕಳನ್ನು ಅಂಕಪಟ್ಟಿ ನೋಡಿ ಆರಿಸಬೇಡಿ. ಮನೆಯ ಸುತ್ತ ಕಂಡ ಒಂದು ಹಕ್ಕಿಯ ಬಗ್ಗೆ ಬರೆಯಲು, ಬರೆಯಲಾಗದವರಿಗೆ ಬಾಯಲ್ಲೇ ಹೇಳಲು ತಿಳಿಸಿದರೆ ಸಾಕು. ಒಮ್ಮೆ ಹೀಗೆ ಕೇಳಿದಾಗ, ತರಗತಿಯಲ್ಲಿ ಬಾಯಿಬಿಡದ ಹುಡುಗಿಯೊಬ್ಬಳು ಪಿಕಳಾರ ಹಕ್ಕಿ ತನ್ನ ಮನೆಯ ದಾಸವಾಳದ ಗಿಡದಲ್ಲಿ ಗೂಡು ಕಟ್ಟಿದ್ದನ್ನೂ, ಮೂರು ಮೊಟ್ಟೆಗಳಲ್ಲಿ ಒಂದು ಒಡೆಯದೆ ಉಳಿದದ್ದನ್ನೂ ಬಿಡಿಸಿ ಹೇಳಿದಳು. ಆರಿಸುವಾಗ ಒಂದೇ ಊರಿನಿಂದ ಇಬ್ಬರನ್ನಾದರೂ ಆರಿಸಿ. ಮೊದಲ ಸಲ ಮನೆ ಬಿಟ್ಟು ಮಲಗುವ ಮಗುವಿಗೆ ಪರಿಚಿತ ಮುಖವೊಂದು ಪಕ್ಕದಲ್ಲಿರಬೇಕು.

ಶಿಬಿರದ ಆಯ್ಕೆಯಲ್ಲಿ ಸಂಕೋಚ ಬೇಡ. ಅರಣ್ಯ ಇಲಾಖೆಯ ಅನುಮತಿ ಪತ್ರ ಇದೆಯೇ, ಹೆಣ್ಣುಮಕ್ಕಳ ಜೊತೆ ರಾತ್ರಿ ಮಹಿಳಾ ಸಿಬ್ಬಂದಿ ಇರುತ್ತಾರೆಯೇ, ಹಾವು ಕಚ್ಚಿದರೆ ಪ್ರತಿವಿಷ ಸಿಗುವ ಆಸ್ಪತ್ರೆ ಎಷ್ಟು ದೂರ, ಪಾಠ ಕನ್ನಡದಲ್ಲಿ ನಡೆಯುತ್ತದೆಯೇ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರೆದು ಕೊಡುವಂತೆ ಹೇಳಿ. ಶಿವಮೊಗ್ಗ, ಉತ್ತರ ಕನ್ನಡದ ಕಡೆಯ ಶಿಬಿರವಾದರೆ ಮಂಗನ ಕಾಯಿಲೆಯ ವಿಚಾರವನ್ನು ಮರೆಯುವಂತಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಈ ಜ್ವರ ಉಣ್ಣೆಗಳ ಕಡಿತದಿಂದ ಹರಡುತ್ತದೆ ಮತ್ತು ಬೇಸಿಗೆಯೇ ಅದು ಹೆಚ್ಚಾಗುವ ಕಾಲ. ಶಿಬಿರ ನಡೆಯುವ ವರ್ಷ ಸುತ್ತಮುತ್ತ ಮಂಗಗಳು ಸತ್ತಿವೆಯೇ ಎಂದು ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಸಂಶಯವಿದ್ದರೆ ಬೇರೆ ಸ್ಥಳ ನೋಡಿ.

ಖರ್ಚಿನ ಲೆಕ್ಕ ಶುಲ್ಕಕ್ಕೆ ಮುಗಿಯುವುದಿಲ್ಲ. ಮೊದಲ ವರ್ಷ ನಾನು ಶುಲ್ಕವನ್ನಷ್ಟೇ ಕಟ್ಟಿ ಸುಮ್ಮನಾಗಿದ್ದೆ. ಹವಾಯಿ ಚಪ್ಪಲಿಯಲ್ಲಿ ಹೋದ ಹುಡುಗನ ಕಾಲಿಗೆ ಎರಡನೆಯ ದಿನವೇ ಜಾಲಿ ಮುಳ್ಳು ಹೊಕ್ಕು, ಉಳಿದ ದಿನಗಳನ್ನು ಅವನು ಕೊಠಡಿಯಲ್ಲೇ ಕಳೆದ. ಆ ತಪ್ಪು ನನ್ನದು. ಬೂಟು, ಕಾಲುಚೀಲ, ಟಾರ್ಚು, ಮಳೆಯಂಗಿ, ಹೋಗಿಬರುವ ಬಸ್ಸಿನ ಹಣ, ಜೊತೆಗೆ ಹೋಗುವ ಶಿಕ್ಷಕರ ಖರ್ಚು, ಇವೆಲ್ಲ ಸೇರಿದ ಮೇಲೆಯೇ ಎಷ್ಟು ಮಕ್ಕಳು ಎಂಬುದನ್ನು ತೀರ್ಮಾನಿಸಿ.

ಹಣವನ್ನು ಶಿಬಿರ ನಡೆಸುವ ಸಂಸ್ಥೆಯ ಖಾತೆಗೇ ಕಟ್ಟಿ ರಸೀದಿ ಪಡೆಯಿರಿ. ಸಂಸ್ಥೆಗೆ ಆದಾಯ ತೆರಿಗೆಯ 80ಜಿ ನೋಂದಣಿ ಇದ್ದು, ನೀವು ಕೊಟ್ಟದ್ದು ದೇಣಿಗೆಯಾಗಿದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಕೇಳಬಹುದು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಅದು ಸಿಗದು.

ಪೋಷಕರ ಒಪ್ಪಿಗೆಗೆ ಚೀಟಿ ಕಳುಹಿಸದೆ, ಶಿಕ್ಷಕರೊಡನೆ ನೀವೇ ಮನೆಗೆ ಹೋಗಿ. ಎಲ್ಲಿ ಮಲಗಿಸುತ್ತೀರಿ, ಏನು ಊಟ, ಫೋನು ಮಾಡಬಹುದೇ ಎಂದು ತಾಯಂದಿರು ಕೇಳುತ್ತಾರೆ. ಕುಳಿತು, ಅವಸರವಿಲ್ಲದೆ ಉತ್ತರಿಸಿ. ಮಗುವಿನ ಅಲರ್ಜಿ, ಉಬ್ಬಸ, ಔಷಧಿಗಳ ವಿವರವನ್ನೂ ಆಗಲೇ ಬರೆದುಕೊಳ್ಳಿ. ಮಕ್ಕಳನ್ನು ಬ್ಯಾನರಿನ ಮುಂದೆ ನಿಲ್ಲಿಸಿ ಫೋಟೊ ತೆಗೆಸಬೇಡಿ, ಕೃತಜ್ಞತೆಯ ಪತ್ರವನ್ನೂ ಬರೆಸಬೇಡಿ.

ಶಿಬಿರ ಮುಗಿದು ಜೂನ್‌ನಲ್ಲಿ ತರಗತಿಗಳು ಮೊದಲಾದಾಗ ಶಾಲೆಗೆ ಒಂದು ಬೈನಾಕ್ಯುಲರ್, ಒಂದು ಕನ್ನಡದ ಹಕ್ಕಿ ಕೈಪಿಡಿ, ಕಂಡದ್ದನ್ನು ಬರೆದಿಡಲು ಒಂದು ದಪ್ಪ ನೋಟ್‌ಬುಕ್ ಕೊಡಿ. ಕೊಡುವಾಗ ಮುಖ್ಯ ಶಿಕ್ಷಕರಿಗೆ ಒಂದು ಮಾತು ಹೇಳಿರಿ: ಅವನ್ನಿಟ್ಟ ಬೀರುವಿನ ಕೀಲಿ ಶಿಬಿರಕ್ಕೆ ಹೋಗಿಬಂದ ಮಕ್ಕಳ ಕೈಯಲ್ಲಿರಲಿ.