ಅಪಘಾತದ ಸಣ್ಣ ಗಾಯಕ್ಕೆ ಕ್ಲೇಮು ಹಾಕಬೇಕೋ ಬೇಡವೋ: ನಾನು ಹಾಕಿದ ಲೆಕ್ಕ

'ಕತ್ತು ಉಳುಕಿದ್ದಕ್ಕೆಲ್ಲ ಕೋರ್ಟಿಗೆ ಹೋಗ್ತಾರಾ ಗುರುವೇ?' ಅಂತ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಕ್ಕವರೇ ಈಗ ಫೈಲು ಹಿಡಿದು ನನ್ನ ಹತ್ತಿರ ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಎಫ್‌ಐಆರ್, ಎಂಎಲ್‌ಸಿ, ಥರ್ಡ್ ಪಾರ್ಟಿ ಅಂದರೇನು ಅಂತ ಗಾಡಿ ಓಡಿಸಿ ಬದುಕುವವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಒಂದು ಮಾತು: ಎಂಎಲ್‌ಸಿ ಅಂದರೆ ಪೊಲೀಸ್ ಕೇಸಿಗೆ ಬೇಕಾಗುವಂತೆ ಆಸ್ಪತ್ರೆಯವರು ಗಾಯವನ್ನು ದಾಖಲಿಸುವುದು, ಥರ್ಡ್ ಪಾರ್ಟಿ ಅಂದರೆ ಗುದ್ದಿದವನ ಪಾಲಿಸಿಯಿಂದ ಗುದ್ದಿಸಿಕೊಂಡವನಿಗೆ ಸಿಗುವ ಇನ್ಶೂರೆನ್ಸು. ಕ್ಲೇಮು ಹಾಕುವುದೋ ಬಿಡುವುದೋ ಅಂತ ಹೇಗೆ ತೀರ್ಮಾನಿಸಿದೆ, ಎಷ್ಟು ಹೋಯಿತು, ಎಷ್ಟು ಬಂತು, ಅಷ್ಟೇ ಇಲ್ಲಿರುವುದು.

ನನ್ನ ಪದ್ಧತಿ ಇಷ್ಟೇ: ಗುದ್ದಿಸಿಕೊಂಡ ದಿನ ಏನನ್ನೂ ತೀರ್ಮಾನ ಮಾಡಬಾರದು. ಅವತ್ತು ಕಾಗದ ಮಾತ್ರ ಮಾಡಿಸಿಡಬೇಕು. ಹಾಕಬೇಕೋ ಬೇಡವೋ ಅನ್ನುವುದು ಮೂರನೇ ತಿಂಗಳ ಹೊತ್ತಿಗೆ, ಬಿಲ್ಲುಗಳನ್ನೆಲ್ಲ ಕೂಡಿಸಿ ನೋಡಿದ ಮೇಲೆ.

ನಾನು ಟೋಲ್ ಸಾಲಿನಲ್ಲಿ ನಿಂತಿದ್ದೆ, ಹಿಂದಿನ ಕಾರು ಬಂದು ಗುದ್ದಿತು. ಬಂಪರ್ ಹೋಯಿತು, ಡಿಕ್ಕಿ ಬಾಗಿಲು ಸೊಟ್ಟಗಾಯಿತು, ಹುಬ್ಬಿನ ಮೇಲೆ ಒಂದು ಗೀರು. ಹುಡುಗ ಒಳ್ಳೆಯವನೇ. 'ಅಣ್ಣಾ, ಐದು ಸಾವಿರ ಇಟ್ಕೊಳ್ಳಿ, ಕಂಪ್ಲೇಂಟ್ ಬೇಡ, ನನ್ನ ನೋ ಕ್ಲೇಮ್ ಬೋನಸ್ ಹೋಗುತ್ತೆ' ಅಂದ. ಬೋನಸ್ಸು ಅಂದರೆ ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ; ಅದು ಇರುವುದು ಅವನದೇ ಗಾಡಿಯ ಡ್ಯಾಮೇಜಿನ ಪ್ರೀಮಿಯಂ ಮೇಲೆ, ಮೊದಲ ವರ್ಷಕ್ಕೆ ಶೇ. 20ರಿಂದ ಶುರುವಾಗಿ ಶೇ. 50ರವರೆಗೆ. ನಾನು ಗಾಯಕ್ಕೆ ಕೇಳುವುದು ಅವನ ಥರ್ಡ್ ಪಾರ್ಟಿ ಪಾಲಿಸಿಯ ಮೇಲೆ, ಅದಕ್ಕೂ ಬೋನಸ್ಸಿಗೂ ಸಂಬಂಧವಿಲ್ಲ. ಇಷ್ಟು ಬಿಡಿಸಿ ಹೇಳಿದ ಮೇಲೆ ಅವನೇ ಪಾಲಿಸಿಯ ಫೋಟೋ ಕಳಿಸಿದ. ನಮ್ಮವರಲ್ಲಿ ಮುಕ್ಕಾಲು ಪಾಲು ಜನ ಇಲ್ಲೇ ಕರಗಿ ದುಡ್ಡು ತಗೊಂಡು ಹೊರಟುಬಿಡುತ್ತಾರೆ.

ಮಾರನೇ ಬೆಳಗ್ಗೆ ರಿವರ್ಸ್ ತೆಗೆಯೋಣ ಅಂತ ಎಡಕ್ಕೆ ತಿರುಗಿದರೆ ಕತ್ತು ಅರ್ಧಕ್ಕೇ ನಿಂತಿತು. ಹಿಂದಿನಿಂದ ಗುದ್ದಿದಾಗ ಬರುವ ನೋವು ಹೀಗೆಯೇ, ಕೆಲವು ಗಂಟೆ ಬಿಟ್ಟೋ ಮಾರನೇ ದಿನವೋ ತಲೆ ಎತ್ತುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಬಹಳಷ್ಟು ಜನಕ್ಕೆ ಕೆಲವು ವಾರಗಳಲ್ಲಿ ಹೋಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಮೊದಲ ದಿನವೇ ರಾಜಿಯಾದವನು ಇದನ್ನು ಯಾರ ಹತ್ತಿರ ಕೇಳಬೇಕು?

ಪುಣ್ಯಕ್ಕೆ ಹಿಂದಿನ ಸಂಜೆಯೇ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ ಮಾಡಿಸಿದ್ದೆ. ಅಲ್ಲಿ ನಾನು ಕಣ್ಣಿಟ್ಟಿದ್ದು ಔಷಧಿಯ ಮೇಲಲ್ಲ, ಹಿಸ್ಟರಿ ಅಂತ ಬರೆಯುವ ಒಂದು ಸಾಲಿನ ಮೇಲೆ. ಡ್ಯೂಟಿಯಲ್ಲಿದ್ದವರು ತಲೆ ಎತ್ತದೆ 'ಬಿದ್ದು ಗಾಯ' ಅಂತ ಗೀಚಿದ್ದರು. 'ಸಾರ್, ಬಿದ್ದಿಲ್ಲ, ನಿಂತ ಕಾರಿಗೆ ಹಿಂದಿನಿಂದ ಕಾರು ಗುದ್ದಿದ್ದು' ಅಂತ ಅಲ್ಲೇ ನಿಂತು ಬರೆಸಿದೆ. ಅವರು ಹಳೆಯದನ್ನು ಹೊಡೆದು, ಪಕ್ಕಕ್ಕೆ ಸಹಿ ಹಾಕಿ, ಸಮಯವನ್ನೂ ಬರೆದರು. ವೂಂಡ್ ಸರ್ಟಿಫಿಕೇಟಿಗೆ, ಅಂದರೆ ಆಸ್ಪತ್ರೆಯವರು ಕೊಡುವ ಗಾಯದ ಪ್ರಮಾಣಪತ್ರಕ್ಕೆ, ಇಳಿಯುವುದು ಈ ಸಾಲೇ. ತಾನೇ ಬಿದ್ದ ಅಂತ ಒಮ್ಮೆ ಬರೆದುಬಿಟ್ಟರೆ ಇನ್ಶೂರೆನ್ಸ್ ವಕೀಲರಿಗೆ ಬೇರೆ ಅಸ್ತ್ರವೇ ಬೇಡ.

ದೂರು ಕೊಟ್ಟಿದ್ದು ಮಾರನೇ ದಿನ. ಠಾಣೆಯಲ್ಲಿ 'ರಾಜಿ ಮಾಡ್ಕೊಳ್ರಿ' ಅಂತ ಕೂರಿಸಿದರು, ನಾನು ಏಳಲಿಲ್ಲ. ಕೊನೆಗೆ ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ) ಮತ್ತು 125(ಎ) (ಅದರಿಂದ ಗಾಯ) ಹಾಕಿ ಎಫ್‌ಐಆರ್ ಮಾಡಿದರು. ಎಫ್‌ಐಆರ್ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಪರಿಹಾರ ತಿರಸ್ಕರಿಸುವಂತಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಆ ಧೈರ್ಯ ಇತ್ತು.

ಇನ್ನು ಲೆಕ್ಕ. ಸಣ್ಣ ಗಾಯಕ್ಕೆ ಲಕ್ಷ ಲಕ್ಷ ಬರುತ್ತದೆ ಅನ್ನುವವರು ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪನ್ನು ಕೇಳಿಲ್ಲ. ಮಾಮೂಲಿ ಗಾಯಕ್ಕೆ ಸಿಗುವುದು ಮುಖ್ಯವಾಗಿ ಮೂರೇ ಬಾಬ್ತು: ಚಿಕಿತ್ಸೆ ಮತ್ತು ಅದಕ್ಕೆ ಅಂಟಿದ ಓಡಾಟ, ಊಟ ಉಪಚಾರದ ಖರ್ಚು, ಮಲಗಿದ್ದ ದಿನಗಳ ದುಡಿಮೆ, ನೋವು ಸಂಕಟಕ್ಕೆ ಒಂದಿಷ್ಟು. ಮುಂದಿನ ಆದಾಯ ನಷ್ಟ, ಜೀವನದ ಸುಖ ಕಳೆದದ್ದು, ಇವೆಲ್ಲ ಶಾಶ್ವತ ಊನವಾದ ಗಂಭೀರ ಪ್ರಕರಣಗಳಿಗೆ, ಅದೂ ವೈದ್ಯಕೀಯ ಪುರಾವೆ ಇದ್ದರೆ. ಹಾಗಾಗಿ ನನ್ನ ಪುಸ್ತಕದಲ್ಲಿ ಎಡಕ್ಕೆ ಈ ಮೂರು, ಬಲಕ್ಕೆ ವಕೀಲರ ಫೀಸು, ಜೆರಾಕ್ಸು, ವಾಯಿದೆಗೆ ಹೋದ ದಿನಗಳ ಬಾಡಿಗೆ. ಎಡಗಡೆಯ ಮೊದಲೆರಡು ಬಾಬ್ತು ಸೇರಿ ಹದಿನೈದು ಸಾವಿರ ದಾಟದಿದ್ದರೆ ಬಿಟ್ಟುಬಿಡುವುದು. ಈ ಗೆರೆ ಎಲ್ಲೂ ಬರೆದಿಲ್ಲ, ನಾನೇ ಎಳೆದುಕೊಂಡದ್ದು. ದಿನದ ದುಡಿಮೆ ಜಾಸ್ತಿ ಇರುವವರು ಇನ್ನೂ ಮೇಲೆ ಎಳೆದುಕೊಳ್ಳಲಿ, ಏಕೆಂದರೆ ಒಂದೊಂದು ವಾಯಿದೆಗೂ ಅವರಿಗೆ ಹೋಗುವುದು ಜಾಸ್ತಿ.

ಮೂರನೇ ತಿಂಗಳಿಗೆ ನೋಡಿದರೆ ಎಂಆರ್‌ಐ, ಫಿಜಿಯೋಥೆರಪಿ, ಮಾತ್ರೆ ಸೇರಿ ಹನ್ನೆರಡು ಸಾವಿರದ ಹತ್ತಿರ. ಡಾಕ್ಟರು ಬರೆದುಕೊಟ್ಟ ವಿಶ್ರಾಂತಿಯ ದಿನಗಳ ದುಡಿಮೆ ಇಪ್ಪತ್ತೆರಡೋ ಇಪ್ಪತ್ಮೂರೋ ಸಾವಿರ. ಗೆರೆ ದಾಟಿತು. ಹಾಕುವುದೇ ಅಂತ ಅವತ್ತು ತೀರ್ಮಾನ ಮಾಡಿದೆ.

ಅದಕ್ಕೂ ಮೊದಲು ಬೇರೆ ದಾರಿಗಳನ್ನೂ ನೋಡಿದ್ದೆ, ಒಂದೂ ಕೆಲಸ ಮಾಡಲಿಲ್ಲ. ನನ್ನದೇ ಪಾಲಿಸಿಯಲ್ಲಿ ಹದಿನೈದು ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಇದೆಯಲ್ಲ ಅಂತ ಕೇಳಿದರೆ, ಅದು ಸಾವಿಗೆ ಮತ್ತು ಶಾಶ್ವತ ಊನಕ್ಕೆ ಮಾತ್ರ. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಲ್ಲಿ ತಪ್ಪು ಯಾರದೆಂದು ಕೇಳದೆ ಎರಡೂವರೆ ಲಕ್ಷ ಕೊಡುತ್ತಾರೆ ಅಂತ ಒಬ್ಬ ಕಿವಿ ಊದಿದ, ಅದು ತೀವ್ರ ಗಾಯಕ್ಕೆ. ಗುದ್ದಿದವನ ಇನ್ಶೂರೆನ್ಸ್ ಕಂಪನಿಗೆ ನೇರವಾಗಿ ಈಮೇಲ್ ಹಾಕಿದೆ. ತಿದ್ದುಪಡಿಯಾದ ಅದೇ ಕಾಯ್ದೆಯ ಪ್ರಕಾರ ಅವರೇ ಅಧಿಕಾರಿಯನ್ನು ನೇಮಿಸಿ ಮೊತ್ತ ಹೇಳಬೇಕು. ಬಂದದ್ದು ಒಬ್ಬ ತನಿಖೆಯವನು, ಕೈಯಲ್ಲಿ ಪೂರ್ಣ ಇತ್ಯರ್ಥ ಅಂತ ಅಚ್ಚು ಹಾಕಿಸಿದ ಕಾಗದ, ಮೊತ್ತದ ಜಾಗ ಖಾಲಿ. 'ನೀವು ಸೈನ್ ಹಾಕಿ, ಅಮೌಂಟ್ ಆಮೇಲೆ ಆಫೀಸಿನಲ್ಲಿ ತುಂಬ್ತಾರೆ' ಅಂದ. ಕಾಫಿ ಕುಡಿಸಿ ಕಳಿಸಿದೆ.

ಒಂದೆರಡು ಪ್ರಯೋಗವನ್ನೂ ಮಾಡಿದೆ. ದಿನಾ ಬೆಳಗ್ಗೆ ನೋವಿಗೆ ಹತ್ತರಲ್ಲಿ ಎಷ್ಟು ಅಂತ ಅಂಕ ಬರೆದೆ. ಕೋರ್ಟಿನಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ, ಫಿಜಿಯೋ ಹುಡುಗಿ ಮಾತ್ರ ನೋಡಿ ವ್ಯಾಯಾಮ ಬದಲಾಯಿಸಿದಳು, ಕತ್ತು ಬೇಗ ಬಿಟ್ಟಿತು. ಇನ್ನೊಂದು ಫಲ ಕೊಟ್ಟಿತು. ನಾನು ಗಾಡಿ ಓಡಿಸಲಿಲ್ಲ ಅನ್ನುವುದಕ್ಕೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆದೆ: ಹಿಂದಿನ ಮೂರು ತಿಂಗಳು ಟೋಲ್ ಸಾಲು ಸಾಲು, ಆಮೇಲೆ ಬರೀ ಖಾಲಿ. ಅವರ ವಕೀಲರು ಬುದ್ಧಿವಂತರು, 'ಕಾರು ಗ್ಯಾರೇಜಿನಲ್ಲಿತ್ತು, ಅದಕ್ಕೇ ಓಡಿಲ್ಲ, ಕತ್ತಿಗಲ್ಲ' ಅಂದರು. ಗ್ಯಾರೇಜಿನಿಂದ ಕಾರು ಹೊರಬಿದ್ದ ಬಿಲ್ಲಿನ ತಾರೀಕು ವಿಶ್ರಾಂತಿ ಮುಗಿಯುವುದಕ್ಕೆ ಬಹಳ ಮುಂಚಿನದು, ಅದನ್ನು ಮುಂದಿಟ್ಟೆ. ಈ ಎರಡರ ಜೊತೆ ಇನ್ನೊಂದು ಕಾಗದವನ್ನೂ ಇಟ್ಟಿದ್ದೆ. ಅದು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಅವರ ಕಡೆಯವರೂ ಓದುತ್ತಾರೆ.

ವಕೀಲರ ವಿಷಯ. ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಅನ್ನುವವರೇ ಜಾಸ್ತಿ. ಹಾಗೆ ಪಾಲು ಕೇಳುವುದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವೇ ಇಲ್ಲ. ಸಣ್ಣ ಮೊತ್ತದಲ್ಲಿ ಪಾಲು ಹಂಚಿದರೆ ನಮಗೆ ಉಳಿಯುವುದೂ ಇಲ್ಲ. ಒಂಬತ್ತು ಸಾವಿರಕ್ಕೆ ಮಾತಾಡಿ, ಅರ್ಧ ಮೊದಲು, ಅರ್ಧ ಕೊನೆಗೆ ಅಂತ ಒಪ್ಪಿಸಿದೆ. ಅಪಘಾತ ಆದ ಕಡೆಯೇ ಕೇಸು ಹಾಕಬೇಕಿಲ್ಲ, ನಾವು ವಾಸವಿರುವ ಕಡೆಯ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೂ ಹಾಕಬಹುದು. ನಾನು ತುಮಕೂರಿನಲ್ಲೇ ಹಾಕಿದೆ, ಎಷ್ಟೋ ಡೀಸೆಲ್ ಉಳಿಯಿತು. 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ಇದೆ. ಗಡುವಿನ ಮೇಲೆ ಸುಪ್ರೀಂ ಕೋರ್ಟಿನಲ್ಲಿ ತಕರಾರು ನಡೆದಿದೆ ನಿಜ, ನಾನು ಅದನ್ನು ನೆಚ್ಚಿಕೊಂಡು ಕೂರಲಿಲ್ಲ, ನಾಲ್ಕನೇ ತಿಂಗಳಲ್ಲೇ ಹಾಕಿದೆ.

ಕೇಳಿದ್ದು ಒಂದೂವರೆ ಲಕ್ಷ. ಅವರ ಮೊದಲ ಮಾತು ಹದಿನೆಂಟು ಸಾವಿರ. ವಾಯಿದೆಯ ಮೇಲೆ ವಾಯಿದೆ ಬಿದ್ದು ಸೊರಗಿದಾಗ ಲೋಕ್ ಅದಾಲತ್‌ಗೆ ಹಾಕಿಸಿದೆ. ಅಲ್ಲಿ ಒಪ್ಪಿದರೆ ಅದೇ ಕೊನೆ, ಮೇಲ್ಮನವಿ ಇಲ್ಲ, ಅವರಿಗೂ ಇಲ್ಲ ನನಗೂ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್. ನಾನು ಕೆಳಗಿನ ಗೆರೆಯನ್ನು ಮೊದಲೇ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ: ನಲವತ್ತೆಂಟು ಸಾವಿರ. ಅದಕ್ಕಿಂತ ಕಮ್ಮಿಯಾದರೆ ಎದ್ದು ಬರುವುದು. ಮೂವತ್ತಕ್ಕೆ ಬಂದರು, ನಲವತ್ತಕ್ಕೆ ಬಂದರು, ನನ್ನ ವಕೀಲರೇ 'ಒಪ್ಕೊಳ್ರಿ' ಅಂತ ಕಾಲು ತುಳಿದರು. ಕೊನೆಗೆ ಐವತ್ತೈದರ ಆಸುಪಾಸಿಗೆ ನಿಂತಿತು. ಸ್ಟ್ಯಾಂಡಿನಲ್ಲಿ ಅವತ್ತು ಸಂಜೆಯ ಟೀ ದುಡ್ಡು ನಾನೇ ಕೊಟ್ಟೆ, ನಕ್ಕವರಿಗೂ ಸೇರಿಸಿ. ಫೀಸು, ಜೆರಾಕ್ಸು, ಓಡಾಟ ಕಳೆದು ನನಗೆ ಉಳಿದದ್ದು ನಲವತ್ತಮೂರು ಸಾವಿರದ ಹತ್ತಿರ, ಜೇಬಿನಿಂದ ಹೋದದ್ದು ಮೂವತ್ತೈದು. ಹುಡುಗನ ಐದು ಸಾವಿರದ ಪಕ್ಕದಲ್ಲಿಟ್ಟು ನೋಡಿ.

ಇದೇ ಲೆಕ್ಕ ನನ್ನ ಭಾವಮೈದುನನಿಗೆ ಬೇಡ ಅಂತ ಹೇಳಿತು. ಕಾರಿನ ಬಾಗಿಲು ತಾಗಿ ಬೈಕಿನಿಂದ ಬಿದ್ದಿದ್ದ, ಮಂಡಿ ತರಚಿತ್ತು, ಖರ್ಚು ನಾಲ್ಕು ಸಾವಿರ. ಕಾರಿನವರ ಹತ್ತಿರ ಅಷ್ಟನ್ನೇ ಕೊಡಿಸಿ ಮುಗಿಸಿದೆ. ಗೆಳೆಯನೊಬ್ಬನದು ಉಲ್ಟಾ. ಕಿರುಬೆರಳು ಊದಿದೆ, ಸಣ್ಣದು ಬಿಡು ಅಂತ ಮೂರು ಸಾವಿರಕ್ಕೆ ಒಪ್ಪಿಕೊಳ್ಳುವವನಿದ್ದ. ಎಕ್ಸ್‌ರೇ ತೆಗೆಸು ಅಂತ ನಾನೇ ತಳ್ಳಿದೆ, ಮೂಳೆ ಬಿರುಕು ಬಿಟ್ಟಿತ್ತು. ಬೆರಳೇ ಆದರೂ ಮೂಳೆ ಮುರಿದರೆ ಕಾನೂನಿನ ಕಣ್ಣಿಗೆ ಅದು ತೀವ್ರ ಗಾಯ, ಆಗ 164ನೇ ಕಲಮಿನ ಮಾತೂ ಬರುತ್ತದೆ. ಅವನ ವೂಂಡ್ ಸರ್ಟಿಫಿಕೇಟ್ ಇನ್ನೂ ಕೈಗೆ ಬಂದಿಲ್ಲ, ಈ ವಾರ ಮತ್ತೆ ಆಸ್ಪತ್ರೆಗೆ ಹೋಗಬೇಕು.