ಮಾಡೆಲ್ ಕಾರಿನ ಕಾರ್ಪೆಟ್‌ಗೆ ಯಾವ ಅಂಟು? ಒಂದು ಗಾಜು ಹಾಳಾದ ಮೇಲೆ ಕಲಿತದ್ದು

1/24 ಸ್ಕೇಲಿನ, ಅಂದರೆ ನಿಜವಾದದ್ದಕ್ಕಿಂತ 24 ಪಟ್ಟು ಚಿಕ್ಕದಾದ ಮಾಡೆಲ್ ಕಾರಿನ ಒಳಗೆ ಫ್ಲಾಕ್ ಹಾಕಿದ ನೆಲ ಒಮ್ಮೆ ನೋಡಿದರೆ ಮುಗಿಯಿತು, ಆಮೇಲೆ ಬರೀ ಮ್ಯಾಟ್ ಬಣ್ಣ ಬಳಿದದ್ದು ಸಪ್ಪೆ ಅನ್ನಿಸುತ್ತದೆ. ಫ್ಲಾಕ್ ಅಂದರೆ ಸಣ್ಣಗೆ ಕತ್ತರಿಸಿದ ನೈಲಾನ್ ಅಥವಾ ರೇಯಾನ್ ಎಳೆಗಳ ಪುಡಿ. ಎಳೆ ಅರ್ಧ ಮಿಲಿಮೀಟರ್ ಇದ್ದರೆ ನಿಜವಾದ ಕಾರಿನ ಲೆಕ್ಕದಲ್ಲಿ 12 ಮಿಲಿಮೀಟರ್ ಆಯಿತು. ಕಾರ್ಪೆಟ್‌ಗೆ ಅಷ್ಟು ಸಾಕು. ಒಂದು ಮಿಲಿಮೀಟರಿನ ಎಳೆ ಹಾಕಿದರೆ ಕಾರಿನೊಳಗೆ ಹುಲ್ಲು ಬೆಳೆದ ಹಾಗೆ ಕಾಣುತ್ತದೆ, ನಾನೂ ಹಾಕಿ ನೋಡಿದ್ದೇನೆ.

ಪುಡಿ ಆರಿಸುವುದು ಸುಲಭ. ನನ್ನನ್ನು ಸತಾಯಿಸಿದ್ದು ಅಂಟು.

ಮೊದಲ ಸಲ ಕೈಗೆ ಸಿಕ್ಕ ಸೂಪರ್ ಗ್ಲೂ ಹಚ್ಚಿದೆ. ಪುಡಿ ಉದುರಿಸುವಷ್ಟರಲ್ಲಿ ಅರ್ಧ ಜಾಗ ಒಣಗಿಹೋಗಿತ್ತು. ಇನ್ನರ್ಧದಲ್ಲಿ ಅಂಟು ತೆಳು ನೋಡಿ, ಎಳೆಗಳ ನಡುವೆ ಮೇಲಕ್ಕೆ ಏರಿ ಎಲ್ಲವನ್ನೂ ಕಲ್ಲಿನ ಹಾಗೆ ಗಟ್ಟಿ ಮಾಡಿತು. ಪರವಾಗಿಲ್ಲ, ಒಳಗೆ ಯಾರು ಮುಟ್ಟಿ ನೋಡುತ್ತಾರೆ ಅಂದುಕೊಂಡು ಬಾಡಿ ಕೂರಿಸಿಬಿಟ್ಟೆ. ಮರುದಿನ ನೋಡಿದರೆ ಮುಂದಿನ ಗಾಜಿನ ಒಳಮೈ ಪೂರ್ತಿ ಬೆಳ್ಳಗೆ ಮಂಜು ಕವಿದಿತ್ತು. ಸೂಪರ್ ಗ್ಲೂ ಆವಿ ಮುಚ್ಚಿದ ಜಾಗದಲ್ಲಿ ಹಾಗೇ ಮಾಡುತ್ತದೆ, ಬೆರಳಚ್ಚು ಇದ್ದ ಕಡೆ ಇನ್ನೂ ಜಾಸ್ತಿ. ಗಾಜಿನ ಮೇಲೆ ನನ್ನದೇ ಹೆಬ್ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿತ್ತು, ತಪ್ಪು ಮಾಡಿದ್ದು ಯಾರು ಅಂತ ಹುಡುಕುವ ಕೆಲಸವೇ ಇರಲಿಲ್ಲ.

ಸ್ಪ್ರೇ ಅಂಟೂ ನೋಡಿದೆ. ಬೇಗ ಹರಡುತ್ತದೆ ನಿಜ. ಆದರೆ ಬಾಗಿಲ ಪ್ಯಾನಲ್, ಡ್ಯಾಶ್‌ಬೋರ್ಡ್ ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಬೇಕು, ಮೂಲೆಗಳಲ್ಲಿ ದಾರ ದಾರವಾಗಿ ನಿಲ್ಲುತ್ತದೆ. ಇನ್ನು ಕಿಟ್‌ನ ಭಾಗಗಳನ್ನು ಜೋಡಿಸುವ, ಸಿಮೆಂಟ್ ಅಂತ ಕರೆಯುವ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸುವ ವಸ್ತು, ಅದನ್ನು ಇಡೀ ನೆಲಕ್ಕೆ ಬಳಿಯುವ ಮಾತೇ ಇಲ್ಲ.

ಕೊನೆಗೆ ನಿಂತದ್ದು ಬಿಳಿ ಅಂಟಿನ ಹತ್ತಿರ, ಅದೇ ಮರಗೆಲಸದವರೂ ಶಾಲೆ ಮಕ್ಕಳೂ ಬಳಸುವ ಪಿವಿಎ. ನಿಧಾನವಾಗಿ ಒಣಗುತ್ತದೆ, ಒಣಗಿದರೆ ಪಾರದರ್ಶಕ, ಆವಿಯ ಕಾಟವಿಲ್ಲ. ಎಲ್ಲಕ್ಕಿಂತ ಮುಖ್ಯ, ಕೆಟ್ಟರೆ ಹಸಿ ಇರುವಾಗಲೇ ನೀರಲ್ಲಿ ತೊಳೆದು ಮತ್ತೆ ಶುರು ಮಾಡಬಹುದು.

ಆದರೆ ಸುಮ್ನೆ ಬಾಟಲಿಯಿಂದ ಹಿಂಡಿದರೆ ಆಗುವುದಿಲ್ಲ. ಪ್ಲಾಸ್ಟಿಕ್ ಅಂಟಿನ ನೀರನ್ನು ಹೀರುವುದಿಲ್ಲ, ಹಾಗಾಗಿ ಹೊಳೆಯುವ ಮೈ ಮೇಲೆ ಅಂಟು ಹನಿ ಹನಿಯಾಗಿ ಸರಿದುಕೊಳ್ಳುತ್ತದೆ, ಒಣಗಿದ ಮೇಲೆ ಹಾಳೆಯಂತೆ ಎದ್ದೂ ಬರಬಹುದು. ಅದಕ್ಕೆ ನೆಲವನ್ನು ಮೊದಲು ಸೋಪು ನೀರಲ್ಲಿ ತೊಳೆದು, ಪ್ರೈಮರ್ ಹೊಡೆದು, ಫ್ಲಾಕಿನದೇ ಬಣ್ಣದ ಮ್ಯಾಟ್ ಪೇಂಟ್ ಹಚ್ಚುತ್ತೇನೆ. ಪುಡಿ ಸರಿಯಾಗಿ ಕೂರದ ಕಡೆಯೂ ಕಣ್ಣಿಗೆ ಬೀಳುವುದಿಲ್ಲ ಅಲ್ವಾ. ಆಮೇಲೆ ನಾಲ್ಕು ಪಾಲು ಅಂಟಿಗೆ ಒಂದು ಪಾಲು ನೀರು, ಪಾತ್ರೆ ತೊಳೆಯುವ ಸೋಪು ಕಡ್ಡಿಯ ತುದಿಯಲ್ಲಿ ಒಂದು ಹನಿ, ಅದೇ ಬಣ್ಣದ ಅಕ್ರಿಲಿಕ್ ಪೇಂಟ್ ಎರಡು ಹನಿ. ನೀರು ಇದಕ್ಕಿಂತ ಜಾಸ್ತಿಯಾದರೆ ಎಳೆ ನಿಲ್ಲದೆ ಮಲಗಿಬಿಡುತ್ತದೆ.

ಇಡೀ ನೆಲಕ್ಕೆ ಒಟ್ಟಿಗೆ ಹಚ್ಚಬೇಡಿ. ಡ್ರೈವರ್ ಕಾಲಿಡುವ ಜಾಗ ಒಂದು ಸಲ, ಪಕ್ಕದ್ದು ಇನ್ನೊಂದು ಸಲ. ನಡುವಿನ ಗೇರ್ ದಿಬ್ಬದ ಪಕ್ಕೆಗಳಿಗೆ ಮಾತ್ರ ಕಾರನ್ನು ವಾಲಿಸಿ ಹಿಡಿಯಬೇಕು, ಇಲ್ಲದಿದ್ದರೆ ಪುಡಿಯೆಲ್ಲ ಕೆಳಗೇ ಬೀಳುತ್ತದೆ. ಚಹಾ ಸೋಸುವ ಜರಡಿಯಿಂದ ಅಂಟು ಕಾಣದಷ್ಟು ದಪ್ಪಗೆ ಉದುರಿಸಿ, ಕೆಳಗಿನಿಂದ ಬೆರಳಲ್ಲಿ ಟಕ್ ಟಕ್ ಅಂತ ತಟ್ಟುತ್ತೇನೆ. ಕೆಲವರು ಮೇಲಿಂದ ಒತ್ತುತ್ತಾರೆ. ನಾನು ಒತ್ತುವುದಿಲ್ಲ, ಒತ್ತಿದರೆ ಅಂಟು ಎಳೆಗಳ ತುದಿಗೆ ಬಂದು ಅಲ್ಲಲ್ಲಿ ಕಪ್ಪು ಕಲೆ ಆಗುತ್ತದೆ. ಒಂದು ದಿನ ಪೂರ್ತಿ ಬಿಟ್ಟು, ಕಾಗದದ ಮೇಲೆ ಬೋರಲು ಹಾಕಿ ಕೊಡವಿದರೆ ಉಳಿದ ಪುಡಿ ಮತ್ತೆ ಡಬ್ಬಿಗೆ.

ಎನಾಮೆಲ್ ಪೇಂಟನ್ನೇ ಅಂಟಿನಂತೆ ಬಳಸುವವರೂ ಇದ್ದಾರೆ. ದಪ್ಪಗೆ ಹಚ್ಚಿ ಹಸಿ ಇರುವಾಗಲೇ ಉದುರಿಸಬೇಕು. ಚಪ್ಪಟೆ ನೆಲಕ್ಕೆ ಚೆನ್ನಾಗಿದೆ, ನನಗೆ ವಾಸನೆ ಆಗುವುದಿಲ್ಲ ಅಷ್ಟೇ.

ಸೀಟು ಕೂರಿಸುವ ಮುಂಚೆ ಒಂದು ಕೆಲಸ ಇದೆ. ಸೀಟಿನ ಕಾಲು ಬರುವ ಜಾಗದಲ್ಲಿ ಚಾಕುವಿನಿಂದ ಫ್ಲಾಕ್ ಕೆರೆದು ಪ್ಲಾಸ್ಟಿಕ್ ಕಾಣುವಂತೆ ಮಾಡಿ. ನಾನು ಕಾರ್ಪೆಟ್ ಮೇಲೇ ಅಂಟಿಸಿದ ಸೀಟು ಮೂರನೇ ವಾರ ಕೈಗೆ ಬಂತು, ತಳದಲ್ಲಿ ನೀಟಾಗಿ ಒಂದು ತುಂಡು ಕಾರ್ಪೆಟ್ ಅಂಟಿಸಿಕೊಂಡು.