‘ಸ್ಟೆಬಿಲೈಸ್ಡ್’ ಅನ್ನುವ ಒಂದು ಪದ

ಮಂಗಳೂರಿನಲ್ಲಿ ಕಸ್ಟಮ್ಸ್ ಕ್ಲಿಯರೆನ್ಸ್ ನನ್ನ ಕೆಲಸ. ಕಚ್ಚಾ ತೈಲದ ಹಡಗು ಬಂದರೆ 2709 (ಸುಂಕದ ಪಟ್ಟಿಯಲ್ಲಿ ಕಚ್ಚಾ ತೈಲದ ಶಿರೋನಾಮೆ) ಅಂತ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಘೋಷಣಾ ಪತ್ರ, ಹಾಕುವುದು, ಅಷ್ಟೇ ಅಲ್ವಾ ಅಂದುಕೊಂಡಿದ್ದೆ.

ಒಮ್ಮೆ ತೀರಾ ಹಗುರವಾದ ತೈಲ ಬಂತು. ಎಪಿಐ 50ಕ್ಕಿಂತ ಜಾಸ್ತಿ; ಈ ಅಳತೆ ಹೆಚ್ಚಿದಷ್ಟೂ ತೈಲ ಹಗುರ. ಬಾಟಲಿಯಲ್ಲಿದ್ದ ಸ್ಯಾಂಪಲ್ ಕಪ್ಪಗಿರಲಿಲ್ಲ, ತೆಳು ಚಹಾದ ಬಣ್ಣ. ಮೇಲಾಗಿ ಗುಣಮಟ್ಟದ ಸರ್ಟಿಫಿಕೇಟಿನಲ್ಲಿ ‘ಸ್ಟೆಬಿಲೈಸ್ಡ್’, ಅಂದರೆ ಸ್ಥಿರಗೊಳಿಸಿದ್ದು, ಅಂತ ಬರೆದಿತ್ತು. ಅಧಿಕಾರಿ ಕೇಳಿದರು: “ಇದು ಸಂಸ್ಕರಿಸಿದ ಮಾಲಲ್ವಾ? 2710ಕ್ಕೆ ಯಾಕೆ ಹೋಗಬಾರದು?” ನ್ಯಾಯವಾದ ಪ್ರಶ್ನೆಯೇ. 2710 ಅಂದರೆ ಸಂಸ್ಕರಿಸಿದ ತೈಲಗಳ ಶಿರೋನಾಮೆ; ಕಚ್ಚಾ ತೈಲದಿಂದ ಬೇರ್ಪಡಿಸಿದ ಹಗುರ ಉತ್ಪನ್ನವಾದ ನಾಫ್ತಾ ಬರುವುದು ಅಲ್ಲೇ. ಕಚ್ಚಾ ತೈಲ ಜಿಎಸ್‌ಟಿಯ ಹೊರಗಿದೆ, ನಾಫ್ತಾ ಒಳಗಿದೆ. ಶಿರೋನಾಮೆ ಬದಲಾದರೆ ತೆರಿಗೆಯ ಲೆಕ್ಕವೇ ಬದಲಾಗುತ್ತದೆ.

ಸರಕುಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಪದ್ಧತಿಯಾದ ಎಚ್‌ಎಸ್‌ನ ವಿವರಣಾ ಟಿಪ್ಪಣಿ ತೆಗೆದು ಓದಿದೆ. ನೀರು ತೆಗೆಯುವುದು, ಉಪ್ಪು ತೆಗೆಯುವುದು, ಸಾಗಿಸಲು ಅನುಕೂಲವಾಗಲೆಂದು ತೀರಾ ಹಗುರವಾದ ಅನಿಲ ಬಿಡಿಸಿ ಸ್ಥಿರಗೊಳಿಸುವುದು, ಇವು ಯಾವುವೂ ತೈಲವನ್ನು 2709ರಿಂದ ಹೊರಗೆ ಹಾಕುವುದಿಲ್ಲ. ಅದರ ಮೂಲ ಸ್ವಭಾವ ಉಳಿದಿರಬೇಕು, ಅಷ್ಟೆ. ಬಣ್ಣ, ವಾಸನೆ ನೋಡಿ ತೀರ್ಮಾನಿಸುವ ವಿಷಯವೇ ಅಲ್ಲ ಇದು. ಬಾವಿಯಿಂದ ಬಂದ ಮೇಲೆ ತೈಲಕ್ಕೆ ಏನು ಮಾಡಿದ್ದಾರೆ ಅನ್ನುವುದೇ ಮುಖ್ಯ.

ಆದರೆ ಬರೀ ಟಿಪ್ಪಣಿ ತೋರಿಸಿದರೆ ಸಾಲದು. ಮಾರಾಟಗಾರರಿಂದ ಅಸ್ಸೇ ವರದಿ, ಅಂದರೆ ತೈಲದ ಯಾವ ಭಾಗ ಎಷ್ಟು ಬಿಸಿಗೆ ಆವಿಯಾಗುತ್ತದೆ ಎಂಬಂಥ ವಿವರ ಇರುವ ಪರೀಕ್ಷಾ ವರದಿ, ತರಿಸಿದೆ. ನಾಫ್ತಾ ಆಗಿದ್ದರೆ ಹೆಚ್ಚುಕಡಿಮೆ 200 ಡಿಗ್ರಿ ಸೆಲ್ಸಿಯಸ್ ಒಳಗೆ ಎಲ್ಲಾ ಆವಿಯಾಗಬೇಕು. ಇದರಲ್ಲಿ 350 ಡಿಗ್ರಿ ದಾಟಿದರೂ ಭಾರದ ಭಾಗ ಉಳಿದಿತ್ತು. ಆ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ಅಧಿಕಾರಿಯ ಮುಂದಿಟ್ಟೆ. ಒಪ್ಪಿದರು. ಈಗ ಹಡಗು ಹೊರಡುವ ಮೊದಲೇ ಅಸ್ಸೇ ಕೇಳಿ ಇಟ್ಟುಕೊಳ್ಳುತ್ತೇನೆ.

ವರ್ಗೀಕರಣ ಮುಗಿದರೂ ತೂಕದ ವಿಷಯ ಬಾಕಿ ಇರುತ್ತದೆ. ಕಚ್ಚಾ ತೈಲದ ಮೇಲಿನ ಎನ್‌ಸಿಸಿಡಿ (ರಾಷ್ಟ್ರೀಯ ವಿಪತ್ತು ನಿಧಿಗಾಗಿ ಹಾಕುವ ಸುಂಕ) ಟನ್ನಿಗೆ 50 ರೂಪಾಯಿ. ಹಾಗಾಗಿ ಒಂದೊಂದು ಟನ್ನೂ ಲೆಕ್ಕಕ್ಕೆ ಬರುತ್ತದೆ. ಹಡಗಿಗೆ ತುಂಬಿದಾಗ ಕೊಡುವ ಬಿಲ್ ಆಫ್ ಲೇಡಿಂಗ್‌ನಲ್ಲಿರುವ ತೂಕ ಒಂದು, ದಡದ ಟ್ಯಾಂಕಿಗೆ ಬಂದದ್ದು ಇನ್ನೊಂದು. ಸುಂಕ ಕಟ್ಟಬೇಕಾದದ್ದು ಟ್ಯಾಂಕಿಗೆ ಬಂದದ್ದಕ್ಕೆ ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ನಮ್ಮ ಊರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನ ಪ್ರಕರಣ.

ಅದಕ್ಕೇ ಟ್ಯಾಂಕ್ ಅಳೆಯುವಾಗ ನಾನು ಅಲ್ಲೇ ಇರುತ್ತೇನೆ. ಟೇಪಿನ ತುದಿಗೆ ನೀರು ಪತ್ತೆ ಮಾಡುವ ಪೇಸ್ಟ್ ಸವರಿ ತಳದವರೆಗೆ ಇಳಿಸುತ್ತಾರೆ. ಮೇಲೆತ್ತಿದಾಗ ಬಣ್ಣ ತಿರುಗಿದಷ್ಟು ಉದ್ದ ನೀರು. ಅದನ್ನು ಕಳೆದ ಮೇಲೇ ತೈಲದ ಲೆಕ್ಕ ಬರೆದು ಸಹಿ ಹಾಕುತ್ತೇವೆ.